ಗೃಹಾರೋಗ್ಯ: ಹಗಲುನಿದ್ರೆಯ ರೋಗವೂ ಎಚ್ಚರದ ಮದ್ದೂ

ರಾತ್ರಿ ಎಂಟು ಗಂಟೆ ಕಾಲ ಮಲಗಿ ಎದ್ದ ಹುಡುಗನು ಪಾಠದ ನಡುವೆ ತೂಕಡಿಸುವನು. ತುತ್ತು ಕೈಯಲ್ಲಿರುವಾಗಲೇ ನಿದ್ದೆಹೋಗುವನು. ಮನೆಯವರು ಕುಂಭಕರ್ಣನೆಂದು ನಗುವರು; ಉಪಾಧ್ಯಾಯರು ಗದರಿಸುವರು. ಆದರೆ ಇದು ತಿಂಗಳುಗಟ್ಟಲೆ ನಡೆದು, ಗಟ್ಟಿಯಾಗಿ ನಕ್ಕಾಗ ಮೊಣಕಾಲು ಕುಸಿಯುವಂತಾದರೆ, ಅದು ಸೋಮಾರಿತನವಲ್ಲ. ನಾರ್ಕೊಲೆಪ್ಸಿ ಎಂಬ ವ್ಯಾಧಿಯಿರಬಹುದು.

ಈ ಹೆಸರನ್ನು 1880ರಲ್ಲಿ ಫ್ರಾನ್ಸಿನ ವೈದ್ಯನಾದ ಗೆಲಿನೊ ಎಂಬಾತನು ಇಟ್ಟನು. ಕಾರಣವು ತಿಳಿದುದು ಬಹು ತಡವಾಗಿ. ಮಿದುಳಿನ ಹೈಪೊಥಲಾಮಸ್ ಎಂಬ ಭಾಗದ ಕೆಲವು ಕೋಶಗಳು ಒರೆಕ್ಸಿನ್ ಎಂಬ ದ್ರವ್ಯವನ್ನು ಒದಗಿಸಿ ನಮ್ಮ ಎಚ್ಚರವನ್ನು ಕಾಯುತ್ತವೆ. ಈ ದ್ರವ್ಯವು 1998ರಲ್ಲಿ ಪತ್ತೆಯಾಯಿತು. ನಕ್ಕಾಗ ಕುಸಿಯುವಂಥ ರೋಗಿಗಳಲ್ಲಿ ಆ ಕೋಶಗಳು ಬಹುಮಟ್ಟಿಗೆ ನಶಿಸಿರುವುವೆಂದು 2000ದಲ್ಲಿ ಗೊತ್ತಾಯಿತು. ಹೋದ ಕೋಶಗಳನ್ನು ಮರಳಿ ತರುವ ಮದ್ದಿಲ್ಲ. ಎಚ್ಚರಕ್ಕೆ ಊರುಗೋಲಾಗುವ ಮದ್ದುಗಳು ಮಾತ್ರ ಉಂಟು.

1935ರಲ್ಲಿ ಅಮೆರಿಕದ ಪ್ರಿನ್ಜ್‌ಮೆಟಲ್ ಮತ್ತು ಬ್ಲೂಮ್‌ಬರ್ಗ್ ಎಂಬ ವೈದ್ಯರು ಬೆಂಜೆಡ್ರಿನ್ ಎಂಬ ಆಂಫೆಟಮಿನ್ ಔಷಧವನ್ನು ಈ ರೋಗಕ್ಕೆ ಕೊಟ್ಟು ಗುಣ ಕಂಡರು. ಆದರೆ ಈ ಜಾತಿಯ ಉತ್ತೇಜಕಗಳು ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸಬಲ್ಲವು, ಹಸಿವನ್ನು ಕುಗ್ಗಿಸಬಲ್ಲವು; ಚಟಕ್ಕೂ ದಾರಿಯಾಗಬಲ್ಲವು. ತರುವಾಯ ಮೀಥೈಲ್‌ಫೆನಿಡೇಟ್ ಬಳಕೆಗೆ ಬಂದಿತು. ಆಮೇಲೆ ಫ್ರಾನ್ಸಿನಲ್ಲಿ ಹುಟ್ಟಿದ ಮೊಡಾಫಿನಿಲ್. ಇದರಲ್ಲಿ ಚಟದ ಭಯ ಕಡಮೆ, ಇಲ್ಲವೇ ಇಲ್ಲವೆನ್ನಲಾಗದು.

ಮನೆಯವರು ಅರಿತಿರಬೇಕಾದ ಸಂಗತಿಗಳಿವು. ಮಾತ್ರೆಯನ್ನು ಸಾಮಾನ್ಯವಾಗಿ ಬೆಳಿಗ್ಗೆ ತೆಗೆದುಕೊಳ್ಳತಕ್ಕದ್ದು. ಸಂಜೆ ನುಂಗಿದರೆ ರಾತ್ರಿಯ ನಿದ್ರೆ ಕೆಡುವುದು. ಮೊಡಾಫಿನಿಲ್ ಗರ್ಭನಿರೋಧಕ ಮಾತ್ರೆಯ ಬಲವನ್ನು ತಗ್ಗಿಸುವುದಾದ್ದರಿಂದ, ಸ್ತ್ರೀಯರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಮೈಮೇಲೆ ಗಂಧೆ ಎದ್ದರೆ ಮಾತ್ರೆಯನ್ನು ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕು. ಮದ್ದಿನಷ್ಟೇ ಮುಖ್ಯವಾದುದು ದಿನಚರಿ: ನಿಯತ ಕಾಲದಲ್ಲಿ ಶಯನ, ಹಗಲಿನಲ್ಲಿ ಗೊತ್ತಾದ ವೇಳೆಗೆ ಹದಿನೈದಿಪ್ಪತ್ತು ನಿಮಿಷದ ಕಿರುನಿದ್ರೆ. ರೋಗವು ಹತೋಟಿಗೆ ಬರುವವರೆಗೆ ವಾಹನ ನಡೆಸುವುದು, ಒಬ್ಬರೇ ಒಲೆಯ ಮುಂದೆ ನಿಲ್ಲುವುದು, ಕೆರೆಯಲ್ಲಿ ಈಜುವುದು ಸಲ್ಲದು.

ಹಗಲು ತೂಕಡಿಸುವವರೆಲ್ಲರೂ ಈ ರೋಗಿಗಳಲ್ಲ. ಗೊರಕೆಯ ನಡುವೆ ಉಸಿರು ಕಟ್ಟುವವರ ವ್ಯಾಧಿಯೂ ಅದರ ಚಿಕಿತ್ಸೆಯೂ ಬೇರೆ. ಆದಕಾರಣ ನಿದ್ರಾಪರೀಕ್ಷೆಯಾಗದೆ ಮಾತ್ರೆ ಬೇಡ. ಪರೀಕ್ಷೆಯ ರಾತ್ರಿ ಓದಲೆಂದು ಇನ್ನೊಬ್ಬರ ಮಾತ್ರೆಯನ್ನು ಬೇಡುವ ವಿದ್ಯಾರ್ಥಿಗೆ ಹಿರಿಯರು ಖಂಡಿತವಾಗಿ ಇಲ್ಲವೆನ್ನಬೇಕು.

ಈ ರೋಗವು ಹಲವರಲ್ಲಿ ಹದಿಹರೆಯದಲ್ಲೇ ತಲೆದೋರುವುದು. ಹೆಸರು ತಿಳಿಯುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಆ ವರ್ಷಗಳಲ್ಲಿ ಮಗುವು ಕೇಳಿದ ಬೈಗಳನ್ನು ಯಾವ ಮದ್ದೂ ಅಳಿಸಲಾರದು. ಬೈಯುವ ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿರಿ.