ಬೈಕಿಗೆ ಮೊದಲು ಒಂದು ಸೈಕಲ್



ಮೇ ತಿಂಗಳು ಬಂತೆಂದರೆ ನಮ್ಮ ಅನೇಕ ಮನೆಗಳಲ್ಲಿ ಒಂದೇ ಮಾತು. "ಅಪ್ಪಾ, ಪಾಸಾದರೆ ಬೈಕ್ ಕೊಡಿಸ್ತೀನಿ ಅಂದಿದ್ರಲ್ಲ?" ಮಗನ ಬಾಯಿಂದ ಈ ಪ್ರಶ್ನೆ ಬಿದ್ದೊಡನೆ ಅಪ್ಪ ಪತ್ರಿಕೆಯಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ, ಅಮ್ಮ ಅಡುಗೆ ಮನೆಗೆ ಹೋಗುತ್ತಾರೆ. ಕೊನೆಗೆ ಅಜ್ಜಿಯೋ ಸೋದರಮಾವನೋ ಮಧ್ಯೆ ಬಂದು, "ಎಲ್ಲರ ಮಕ್ಕಳೂ ಓಡಿಸ್ತಾರೆ, ಇವನೊಬ್ಬ ಓಡಿಸಿದರೆ ಏನಾಯ್ತು?" ಎಂದು ತೀರ್ಪು ಕೊಟ್ಟುಬಿಡುತ್ತಾರೆ.

ಏನಾಗುತ್ತದೆ ಎಂಬುದನ್ನು ಕಾನೂನು ಸ್ಪಷ್ಟವಾಗಿ ಹೇಳಿದೆ. 16 ತುಂಬಿದವರು ಗೇರ್ ಇಲ್ಲದ, 50 ಸಿ.ಸಿ. ಮೀರದ ವಾಹನವನ್ನು ಮಾತ್ರ ಲೈಸೆನ್ಸ್ ಪಡೆದು ಓಡಿಸಬಹುದು. ಬೈಕಿಗೆ 18 ತುಂಬಲೇಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅಪ್ರಾಪ್ತ ಮಗ ಬೈಕ್ ಓಡಿಸಿ ಅಪರಾಧವೆಸಗಿದರೆ ಹೆತ್ತವರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೂ ಲೈಸೆನ್ಸ್ ಇಲ್ಲ. ದಂಡವನ್ನಾದರೂ ಸಾಲ ಮಾಡಿ ಕಟ್ಟಬಹುದು. ಹೆದ್ದಾರಿಯಲ್ಲಿ ಹೋದ ಜೀವವನ್ನು ಯಾವ ಸಾಲದಿಂದ ತರೋಣ?

ಹಾಗೆಂದು ಬರೀ "ಬೇಡ" ಎಂದರೆ ಸಾಲದು. ಆ ವಯಸ್ಸಿನ ಕಾಲುಗಳು ಓಡಲು ಹಾತೊರೆಯುತ್ತವೆ. ಅವಕ್ಕೆ ಬೇರೇನಾದರೂ ಕೊಡಬೇಕು. ಒಂದು ಸೈಕಲ್ ಕೊಡಿ ಎಂಬುದು ನನ್ನ ಸಲಹೆ. ಅದರ ಜೊತೆಗೆ ನಿಮ್ಮ ಒಂದು ದಿನವನ್ನೂ ಕೊಡಿ.

ನದಿಯ ಹಿಂದೆ ಒಂದು ದಾರಿ

ಫ್ರಾನ್ಸ್, ಇಟಲಿ ದೇಶಗಳಲ್ಲಿ ಮನೆಮಂದಿಯೆಲ್ಲಾ ಸೈಕಲ್ ಹತ್ತಿ ದ್ರಾಕ್ಷಿ ತೋಟಗಳ ಏರಿಳಿತದ ದಾರಿಯಲ್ಲಿ ದಿನಗಟ್ಟಲೆ ಸುತ್ತುತ್ತಾರೆ. ಅಷ್ಟು ದೂರ ಹೋಗಲು ನಮ್ಮಲ್ಲಿ ಎಷ್ಟು ಜನಕ್ಕೆ ಆದೀತು? ಆದರೆ ಅಂಥದೇ ಒಂದು ಸೀಮೆ ನಮ್ಮ ಬಾಗಿಲಲ್ಲೇ ಇದೆ.

ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯನ್ನು ನೆನೆಯಿರಿ. ಅದು ಹುಟ್ಟುವ ಸೀಮೆಯೇ ದ್ರಾಕ್ಷಿಯ ಸೀಮೆ. ನಾವು ಚಿಕ್ಕಂದಿನಿಂದ ತಿಂದ, ಸಿಪ್ಪೆ ದಪ್ಪಗಿರುವ ಕಪ್ಪು ದ್ರಾಕ್ಷಿ 'ಬೆಂಗಳೂರು ಬ್ಲೂ' ಇಲ್ಲಿನದೇ. ಅದಕ್ಕೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ದೊಡ್ಡಬಳ್ಳಾಪುರದ ಬಳಿ 1988ರಲ್ಲಿ ಗ್ರೋವರ್ ಸಂಸ್ಥೆ ಫ್ರೆಂಚ್ ತಳಿಯ ದ್ರಾಕ್ಷಿಗಳಿಂದ ವೈನ್ ತಯಾರಿಕೆಗೆ ಕೈಹಾಕಿತು. 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್‌ಗಾಗಿಯೇ ಒಂದು ನೀತಿಯನ್ನು ತಂದಿತು.

ನದಿ ಅಲ್ಲಿಂದ ಹೊಸಕೋಟೆಯ ಕಡೆ ಹರಿದು, ಗಡಿ ದಾಟಿ, ಹೊಸೂರಿನ ಬಳಿ ಕೆಲವರಪಳ್ಳಿ ಅಣೆಕಟ್ಟನ್ನು ಸೇರುತ್ತದೆ. ಮುಂದೆ ಕೃಷ್ಣಗಿರಿ ಅಣೆಕಟ್ಟು, ಕೊನೆಗೆ ಕಡಲೂರಿನ ಬಳಿ ಸಮುದ್ರ. ತಮಿಳರು ಇದನ್ನು ತೆನ್‌ಪೆಣ್ಣೈ ಎನ್ನುತ್ತಾರೆ. ನದಿ ಇಳಿದಂತೆ ಬೆಳೆಯೂ ಬದಲಾಗುತ್ತದೆ. ಮೇಲೆ ದ್ರಾಕ್ಷಿ, ಹೊಸೂರಿನ ಸುತ್ತ ಗುಲಾಬಿ, ಎಲೆಕೋಸು, ಟೊಮೆಟೊ, ಕೃಷ್ಣಗಿರಿಯಲ್ಲಿ ಮಾವು. ಕಾರಿನ ಗಾಜಿನೊಳಗಿಂದ ಇದೊಂದೂ ಕಾಣಿಸದು. ಸೈಕಲ್ ತುಳಿಯುವವನಿಗೆ ಮೂಗಿನಿಂದಲೇ ತಿಳಿಯುತ್ತದೆ.

ಮೂಗಿಗೆ ಬರುವುದೆಲ್ಲಾ ಸುವಾಸನೆಯಲ್ಲ ಎಂಬುದನ್ನೂ ಹೇಳಬೇಕು. ಬೆಂಗಳೂರಿನ ಕೊಳಚೆ ಈ ನದಿಗೆ ಸೇರುವುದರಿಂದ ಕೆಲವರಪಳ್ಳಿಯಲ್ಲಿ ಎಷ್ಟೋ ಸಲ ಬಿಳಿ ನೊರೆ ರಾಶಿ ರಾಶಿಯಾಗಿ ಏಳುತ್ತದೆ. ನಮ್ಮ ಬಚ್ಚಲಿನ ನೀರು ಕೊನೆಗೆ ಯಾರ ಹೊಲಕ್ಕೆ ಹೋಗುತ್ತದೆ ಎಂದು ಮಕ್ಕಳು ಒಮ್ಮೆ ಕಣ್ಣಾರೆ ನೋಡಲಿ.

ಎರಡು ದಾರಿಗಳು

ಮೊದಲ ದಾರಿ ಹೊಸಬರಿಗೆ. ಹೊಸೂರಿನಿಂದ ಮತ್ತಿಗಿರಿ, ಅಲ್ಲಿಂದ ಡೆಂಕಣಿಕೋಟೆ, ಬಳಿಕ ತಳಿ, ಮತ್ತೆ ಮತ್ತಗೊಂಡಪಳ್ಳಿಯ ಮೇಲೆ ಹೊಸೂರು. ಮತ್ತಿಗಿರಿಯಲ್ಲಿ ಬ್ರಿಟಿಷರ ಕಾಲದಲ್ಲಿ ಸೈನ್ಯಕ್ಕಾಗಿ ಕುದುರೆ ಸಾಕುತ್ತಿದ್ದರು. ಈಗಲೂ ಅಲ್ಲಿ ಸರ್ಕಾರದ ದೊಡ್ಡ ಜಾನುವಾರು ಕ್ಷೇತ್ರವಿದೆ. ಮತ್ತಗೊಂಡಪಳ್ಳಿ ನಮ್ಮ ಕ್ರೈಸ್ತ ಕುಟುಂಬಗಳ ಹಳೆಯ ಊರು. ತಳಿಯ ತಂಪಿಗೆ ಮನಸೋತ ಇಂಗ್ಲಿಷರು ಅದನ್ನು 'ಪುಟ್ಟ ಇಂಗ್ಲೆಂಡ್' ಎಂದರಂತೆ. ಈ ದಾರಿಯುದ್ದಕ್ಕೂ ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುತ್ತವೆ. ಚಹಾ ಅಂಗಡಿಯಲ್ಲಿ ಕನ್ನಡದಲ್ಲಿ ದಾರಿ ಕೇಳಿ ನೋಡಿ, ಕನ್ನಡದಲ್ಲೇ ಉತ್ತರ ಬಂದರೆ ಆಶ್ಚರ್ಯಪಡಬೇಡಿ.

ಎರಡನೆಯದು ಅಭ್ಯಾಸವಾದವರಿಗೆ. ಹೊಸೂರು, ಕೆಲಮಂಗಲ, ರಾಯಕೋಟೆ, ಕೃಷ್ಣಗಿರಿ. ಒಂದು ಕಡೆಗೇ ಸುಮಾರು 60 ಕಿ.ಮೀ. ರಾಯಕೋಟೆಯ ಬೆಟ್ಟದ ಕೋಟೆ 1791ರಲ್ಲಿ ಟಿಪ್ಪುವಿನ ಕೈಯಿಂದ ಇಂಗ್ಲಿಷರ ವಶವಾಯಿತು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕೃಷ್ಣಗಿರಿಯನ್ನೊಳಗೊಂಡ ಬಾರಾಮಹಲ್ ಸೀಮೆಯೇ ಅವರದಾಯಿತು. ಒಂದು ಎಚ್ಚರಿಕೆ: ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಕೃಷ್ಣಗಿರಿ ಅದಕ್ಕಿಂತ ಸುಮಾರು 400 ಮೀಟರ್ ಕೆಳಗೆ. ಹೋಗುವಾಗ ಹಾಡುತ್ತಾ ಹೋಗುವವರು ಬರುವಾಗ ಅಳುತ್ತಾ ಬರುತ್ತಾರೆ. ಬಿಸಿಲೂ ಅಲ್ಲಿ ಹೆಚ್ಚು. ಆದ್ದರಿಂದ ಮೊದಲ ಸಲ ರಾಯಕೋಟೆಯಿಂದಲೇ ಹಿಂದಿರುಗುವುದು ಜಾಣತನ.

ಹೊಸೂರು-ಕೃಷ್ಣಗಿರಿ ಹೆದ್ದಾರಿ, ಅಂದರೆ ಈಗಿನ 44ನೇ ಸಂಖ್ಯೆಯದು, ಎಷ್ಟೇ ನುಣುಪಾಗಿದ್ದರೂ ಬೇಡ. ಅದು ಲಾರಿಗಳ ದಾರಿ.

ಹೊರಡುವ ಮುನ್ನ

ಬೆಲೆಬಾಳುವ ಸೈಕಲ್ ಬೇಕಿಲ್ಲ. ಮನೆಯ ಮೂಲೆಯಲ್ಲಿ ಧೂಳು ತಿನ್ನುತ್ತಿರುವುದನ್ನೇ ಸೈಕಲ್ ಶಾಪಿಗೆ ಒಯ್ಯಿರಿ. ಎರಡು ಬ್ರೇಕ್, ಚೈನು, ಟಯರ್ ನೋಡಿಸಿ. ಸೀಟಿನ ಎತ್ತರ ಸರಿಯಿರಲಿ. ಪೆಡಲ್ ಕೆಳಗಿರುವಾಗ ಮಂಡಿ ಸ್ವಲ್ಪವೇ ಮಡಚಿರಬೇಕು. ಸೀಟು ತೀರಾ ತಗ್ಗಾಗಿದ್ದರೆ ಹತ್ತು ಕಿ.ಮೀ.ಗೇ ಮಂಡಿ ನೋವು ಶುರು.

ಹೆಲ್ಮೆಟ್ ಕಡ್ಡಾಯ. ಹಿಂದೆ ಕೆಂಪು ದೀಪ, ಮೈಮೇಲೆ ಎದ್ದು ಕಾಣುವ ಬಣ್ಣದ ಅಂಗಿ. ಒಬ್ಬರ ಹಿಂದೆ ಒಬ್ಬರು, ಅಕ್ಕಪಕ್ಕ ಅಲ್ಲ. ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಒಂದೇ ಸಲ ಹಿಡಿದರೆ ತಲೆಕೆಳಗಾಗುತ್ತೀರಿ. ಎರಡನ್ನೂ ಮೆಲ್ಲಗೆ, ಬಿಟ್ಟು ಬಿಟ್ಟು ಹಿಡಿಯಬೇಕು. ಬೆಳಗಾಗುತ್ತಲೇ ಹೊರಟು ಬಿಸಿಲೇರುವ ಮೊದಲು ಮುಗಿಸಿ. ಗಂಟೆಗೆ 15 ಕಿ.ಮೀ. ಲೆಕ್ಕದಲ್ಲಿ 60 ಕಿ.ಮೀ.ಗೆ ನಾಲ್ಕು ಗಂಟೆ, ನಿಂತು ಕುಳಿತು ನೋಡಲು ಇನ್ನೆರಡು ಗಂಟೆ. ಬಾಯಾರುವ ಮೊದಲೇ ನೀರು ಕುಡಿಯಿರಿ. ಬಾಳೆಹಣ್ಣು, ಕಡಲೆಮಿಠಾಯಿ, ಒಂದು ಚಿಟಿಕೆ ಉಪ್ಪು-ಸಕ್ಕರೆ ಬೆರೆಸಿದ ನೀರು ಸಾಕು.

ದ್ರಾಕ್ಷಾರಸದ ಮಾತು

ದ್ರಾಕ್ಷಿ ಸೀಮೆ ಎಂದೊಡನೆ ಕೆಲವರ ಮುಖ ಅರಳಿರಬಹುದು! ವೈನ್ ನಮಗೆ ಅಪರಿಚಿತವಲ್ಲ. ಬಲಿಪೂಜೆಗೆ ದ್ರಾಕ್ಷಿಯಿಂದಲೇ ತಯಾರಾದ, ಕೆಡದ ದ್ರಾಕ್ಷಾರಸವೇ ಬೇಕೆಂಬುದು ಧರ್ಮಸಭೆಯ ನಿಯಮ. ಕ್ರಿಸ್ಮಸ್ಸಿಗೆ ತಿಂಗಳ ಮುಂಚೆ ಜಾಡಿಯಲ್ಲಿ ಕಪ್ಪು ದ್ರಾಕ್ಷಿ ಹಾಕಿಡುವ ಅಜ್ಜಿಯರು ಇಂದಿಗೂ ನಮ್ಮಲ್ಲಿದ್ದಾರೆ. ಅದೇ ವೇಳೆ ಕುಡಿತದಿಂದ ಮುರಿದ ಮನೆಗಳನ್ನೂ ನಾವು ನಮ್ಮ ಬೀದಿಗಳಲ್ಲೇ ಕಂಡಿದ್ದೇವೆ.

ಇದೇ ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದವರು ರಾಜಾಜಿ. ಮದರಾಸಿನ ಪ್ರಧಾನಿಯಾದ ಕೂಡಲೇ, 1937ರಲ್ಲಿ, ಅವರು ಪಾನನಿಷೇಧವನ್ನು ಮೊದಲು ತಂದದ್ದು ಸೇಲಂ ಜಿಲ್ಲೆಯಲ್ಲಿ. ಆಗ ಹೊಸೂರು, ಕೃಷ್ಣಗಿರಿಗಳೂ ಆ ಜಿಲ್ಲೆಗೇ ಸೇರಿದ್ದವು. ನಿಷೇಧ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ದ್ರಾಕ್ಷಿಯನ್ನು ಬಳ್ಳಿಯಲ್ಲಿ ನೋಡಿದ, ಚಪ್ಪರದ ಕೆಳಗೆ ಬಗ್ಗಿ ದುಡಿಯುವ ರೈತನನ್ನು ನೋಡಿದ ಮಗುವಿಗೆ ಆ ಹಣ್ಣಿನ ಬೆಲೆ ತಿಳಿದಿರುತ್ತದೆ ಎಂಬುದಷ್ಟೇ ನನ್ನ ಮಾತು. ಸವಾರಿಯ ದಿನ ಮಾತ್ರ ಹಿರಿಯರೂ ನೀರು, ಎಳನೀರು, ಮಜ್ಜಿಗೆಯಲ್ಲೇ ತೃಪ್ತರಾಗಬೇಕು.

ಸೈಕಲ್ ಹೊತ್ತ ಗುಟ್ಟು

ಇಟಲಿಯ ಜೀನೋ ಬಾರ್ತಾಲಿ 1938 ಮತ್ತು 1948ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಸೈಕಲ್ ವೀರ, ದೈವಭಕ್ತ. ಎರಡನೇ ಮಹಾಯುದ್ಧದ ದಿನಗಳಲ್ಲಿ ಅಭ್ಯಾಸಕ್ಕೆ ಹೋಗುವವನಂತೆ ಫ್ಲಾರೆನ್ಸ್‌ನಿಂದ ಅಸ್ಸೀಸಿಯ ಕಡೆ ತುಳಿಯುತ್ತಿದ್ದ. ಸೈಕಲ್ಲಿನ ಕೊಳವೆಗಳೊಳಗೆ ಯೆಹೂದ್ಯರ ಪ್ರಾಣ ಉಳಿಸುವ ಗುರುತಿನ ಪತ್ರಗಳಿರುತ್ತಿದ್ದವು. ಸಿಕ್ಕಿಬಿದ್ದಿದ್ದರೆ ಸಾವೇ. ಬದುಕಿರುವವರೆಗೂ ಅದನ್ನು ಜಂಬದಿಂದ ಹೇಳಿಕೊಂಡವನಲ್ಲ. 2000ದಲ್ಲಿ ತೀರಿಕೊಂಡ ಅವನನ್ನು 2013ರಲ್ಲಿ ಇಸ್ರೇಲ್‌ನ ಯಾದ್ ವಶೇಮ್ ಸಂಸ್ಥೆ ಗೌರವಿಸಿತು. ಕಾಲಿನ ಬಲವನ್ನು ಇನ್ನೊಬ್ಬರಿಗಾಗಿ ಸವೆಸಿದ ಇವನ ಕಥೆಯನ್ನು ದಾರಿಯಲ್ಲಿ ಮಕ್ಕಳಿಗೆ ಹೇಳಿ.

ಹಾಗೆಯೇ ಮುಂಜಾನೆಯ ಮಂಜಿನಲ್ಲಿ ಹಾಲಿನ ಕ್ಯಾನು, ತರಕಾರಿ ಮೂಟೆ ಹೇರಿಕೊಂಡು ಎದುರು ಬರುವ ಹಿರಿಯರನ್ನು ತೋರಿಸಿ. ನಮಗೆ ರಜೆಯ ಮೋಜಾದದ್ದು ಅವರಿಗೆ ಹೊಟ್ಟೆಪಾಡು. ಅವರಿಗೆ ದಾರಿ ಬಿಟ್ಟು, ಒಂದು ನಮಸ್ಕಾರ ಹೇಳಿ ಮುಂದೆ ಹೋಗುವ ಹುಡುಗ ನಾಳೆ ಬೈಕ್ ಹತ್ತಿದಾಗಲೂ ಹಾಗೆಯೇ ನಡೆದುಕೊಳ್ಳುತ್ತಾನೆ. ರಸ್ತೆಯಲ್ಲಿ ತಾನೆಷ್ಟು ಮೆದು, ಲಾರಿ ಎಷ್ಟು ದೊಡ್ಡದು ಎಂಬುದನ್ನು ಸೈಕಲ್ಲಿನ ಮೇಲೆ ಕಲಿತವನು ಬೇಗ ಮರೆಯುವುದಿಲ್ಲ.

18 ತುಂಬಲು ಇನ್ನೂ ಎರಡು ವರ್ಷವಿದ್ದರೆ ಆ ಎರಡು ವರ್ಷ ಅಪ್ಪ-ಮಗ ಜೊತೆಯಾಗಿ ತುಳಿಯಬಹುದು. ಮಗಳನ್ನೂ ಬಿಡಬೇಡಿ. ಮುಂದಿನ ತಿಂಗಳ ಒಂದು ಶನಿವಾರವನ್ನು ಇವತ್ತೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಿಮ್ಮ ಮನೆಯ ಸೈಕಲ್ಲಿಗೆ ಗಾಳಿ ಇದೆಯೇ? ಈ ಪುಟ ಮಡಚಿಟ್ಟು ಒಮ್ಮೆ ನೋಡಿ ಬನ್ನಿ.