ಬೇಸಾಯ ಕಲಿಸಿದ ಮೇಷ್ಟ್ರಿಗೆ ರೈತನ ಸನ್ಮಾನ ಎಂದು?

ಸೆಪ್ಟೆಂಬರ್ 5ರಂದು ಶಾಲೆಯ ಉಪಾಧ್ಯಾಯರಿಗೆ ಹಾರ ಹಾಕುತ್ತೇವೆ. ಡಿಸೆಂಬರ್ 23ರ ರೈತ ದಿನಾಚರಣೆಯಲ್ಲಿ ಒಳ್ಳೆಯ ಬೆಳೆ ತೆಗೆದ ರೈತನಿಗೆ ಶಾಲು ಹೊದಿಸುತ್ತೇವೆ. ಎರಡೂ ಆಗತಕ್ಕ ಕೆಲಸಗಳೇ. ಆದರೆ ಆ ರೈತನ ಹೊಲಕ್ಕೆ ಬಂದು ಹೊಸ ಪಾಠ ಹೇಳಿಕೊಟ್ಟವರು ಈ ಎರಡು ಸಮಾರಂಭಗಳ ನಡುವೆ ಮರೆತುಹೋಗುತ್ತಾರೆ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ರೈತರು ಸರ್ಕಾರದ ದಾರಿ ಕಾಯದೆ ಈ ಕೊರತೆಯನ್ನು ತಾವೇ ನೀಗಿಸಬೇಕು.

ದೊಡ್ಡವರಿಗೆ ದೊಡ್ಡ ಗೌರವಗಳು ಸಂದಿವೆ. ಉತ್ತಮ ಕೃಷಿ ಅಧ್ಯಾಪಕರಿಗೆಂದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಸಿ. ಸುಬ್ರಹ್ಮಣ್ಯಂ ಅವರ ಹೆಸರಿನಲ್ಲಿ ಪ್ರಶಸ್ತಿ ಸ್ಥಾಪಿಸಿತು. ಚಾಮರಾಜನಗರದ ಸೀಮೆಯ ಮಾದಾಪುರದಲ್ಲಿ 1937ರಲ್ಲಿ ಹುಟ್ಟಿದ ಡಾ. ಎಂ. ಮಹದೇವಪ್ಪನವರು ಭತ್ತದ ತಳಿ ವಿಜ್ಞಾನಿಯಾಗಿ, ಅಧ್ಯಾಪಕರಾಗಿ ಹೆಸರು ಪಡೆದು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಗಳಾದರು. 2005ರಲ್ಲಿ ಪದ್ಮಶ್ರೀ, 2013ರಲ್ಲಿ ಪದ್ಮಭೂಷಣ ಅವರಿಗೆ ಸಂದವು. 2021ರಲ್ಲಿ ತೀರಿಕೊಂಡ ಅವರನ್ನು 'ಭತ್ತದ ಮಹದೇವಪ್ಪ' ಎಂದೇ ಜನ ನೆನೆಯುತ್ತಾರೆ. ನಮ್ಮ ಜಿಲ್ಲೆಯ ಹಳ್ಳಿಯಿಂದ ಅಂಥವರು ಬಂದದ್ದು ನಮಗೆಲ್ಲ ಹೆಮ್ಮೆ. ಆದರೆ ಅಂಥವರ ವಿದ್ಯೆ ರೈತನ ಬದುವಿನವರೆಗೆ ಬರಬೇಕಾದರೆ ನಡುವೆ ಇನ್ನೊಬ್ಬ ಮೇಷ್ಟ್ರು ಬೇಕು. ನಾವು ಮರೆತಿರುವುದು ಅವರನ್ನೇ.

ಇತಿಹಾಸವನ್ನು ನೋಡಿದರೂ ಇದು ತಿಳಿಯುತ್ತದೆ. 1956ರವರೆಗೆ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; ಹನೂರು ಅದರ ಭಾಗವಾಗಿತ್ತು. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮೈಸೂರಿನ ಕಡೆ. ಆದ್ದರಿಂದ ನೆರೆಹೊರೆಯ ಈ ಊರುಗಳಲ್ಲಿ ಒಂದರ ಕಣ್ಣು ಕೊಯಮತ್ತೂರಿನ ಕೃಷಿ ಕಾಲೇಜಿನ ಮೇಲೆ, ಇನ್ನೊಂದರದು ಹೆಬ್ಬಾಳದ ಮೇಲೆ. ಹೆಬ್ಬಾಳದಲ್ಲಿ 1913ರಲ್ಲಿ ಕೃಷಿ ಶಾಲೆ ಆರಂಭವಾದದ್ದು ಕೆನಡಾದಿಂದ ಬಂದ ಡಾ. ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಮಲೆನಾಡಿನಲ್ಲಿ ಬಳಕೆಗೆ ತಂದವರು ಅವರೇ. ಶಾಲೆ ಕಟ್ಟಿದವರೇ ತೋಟದ ಕೆಲಸಕ್ಕೂ ದಾರಿ ತೋರಿಸಿದರು.

ನಮ್ಮ ಸೀಮೆಗೇ ಹತ್ತಿರದ ಉದಾಹರಣೆಯನ್ನು ರೇಷ್ಮೆಯಲ್ಲಿ ನೋಡಬಹುದು. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು. ಬಂಗಾಳದಿಂದ ಬಂದ ಗೂಡಿನ ಜೊತೆ ಬಂದ ಪಿಡುಗು ಇದು. ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಒಳಹೊಕ್ಕ ಜಾಗದಲ್ಲಿ ಕಪ್ಪು ಚುಕ್ಕೆ ಉಳಿಯುತ್ತದೆ. ಎಳೆಯ ಹಂತದಲ್ಲಿ ತಗಲಿದರೆ ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಹಣ್ಣಾಗುವ ಹೊತ್ತಿಗೆ ತಗಲಿದರೆ ಮರಿ ಗೂಡನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ತೆಗೆಯಲಾಗದು. ಬೆಳೆಗೆ ಹೊಡೆಯುವ ಕೀಟನಾಶಕವನ್ನು ಹುಳುವಿನ ಮೇಲೆ ಹೊಡೆಯುವಂತಿಲ್ಲ. ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಕಟ್ಟುವುದು, ನೆಲದ ಬಿರುಕು ಮುಚ್ಚುವುದು, ಉದುರಿದ ಮರಿಗಳನ್ನು ಆರಿಸಿ ಕೊಲ್ಲುವುದು, ಊಜಿಯನ್ನೇ ತಿಂದು ಬದುಕುವ ನೆಸೋಲಿಂಕ್ಸ್ ಎಂಬ ಪುಟ್ಟ ಕೀಟವನ್ನು ಬಿಡುವುದು, ಇವು ಕೆಲವು ಉಪಾಯಗಳು. ಸಂಶೋಧಕರು ಕಂಡುಹಿಡಿದದ್ದನ್ನು ಹುಳುಮನೆಗೆ ಬಂದು ತೋರಿಸಬೇಕಾದವರು ರೇಷ್ಮೆ ಪ್ರದರ್ಶಕರು. ಗೂಡು ಮಾರುಕಟ್ಟೆಗೆ ಬಂದಾಗ ಹೊಗಳಿಕೆ ರೈತನಿಗೆ ಸಿಗುತ್ತದೆ. ಪರದೆ ಕಟ್ಟಿಸಿದವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ.

'ಸಂಬಳ ಪಡೆಯುವವರಿಗೆ ಸನ್ಮಾನ ಏಕೆ?' ಎಂದು ಕೆಲವರು ಕೇಳಬಹುದು. ಸಂಬಳ ಹಾಜರಿ ಪುಸ್ತಕಕ್ಕೆ ಸಲ್ಲುತ್ತದೆ. ಬೆಳಗಿನ ಜಾವ ಪೊನ್ನಾಚಿಯ ಕಡೆಯ ಮಳೆ ಆಧಾರದ ರಾಗಿ ಹೊಲಕ್ಕೆ ಹೋಗಿ, 'ಬೀಜೋಪಚಾರ ಮಾಡಿ, ಸಾಲಿನಲ್ಲಿ ಬಿತ್ತಿ' ಎಂದು ಒಪ್ಪಿಸುವ ತಾಳ್ಮೆಗೆ ಸಂಬಳವಿಲ್ಲ. ಅಂಥವರಿಲ್ಲದ ಕಡೆ ಔಷಧದ ಅಂಗಡಿಯವರ ಮಾತೇ ಪಾಠವಾಗುತ್ತದೆ. ಬೇಕಾದ ಒಂದು ಔಷಧಕ್ಕೆ ಮೂರು ಬೆರೆಸಿ ಮಾರುವ ಅಂಗಡಿ ಒಂದಾದರೂ ಸಿಕ್ಕದ ಸಂತೆಯಿಲ್ಲ. ಒಳ್ಳೆಯ ಮೇಷ್ಟ್ರು ಹೋದರೆ ನಷ್ಟವಾಗುವುದು ರೈತನ ಜೇಬಿಗೇ.

ಇನ್ನೊಂದು ಸಂದೇಹ ಗಂಭೀರವಾದದ್ದು. ಸಹಾಯಧನದ ಸಾಮಾನು ಹಂಚುವ ಅಧಿಕಾರಿಯನ್ನು ಒಲಿಸಿಕೊಳ್ಳಲು ಹಾರ ಹಾಕುವ ಚಾಳಿ ನಮ್ಮಲ್ಲಿಲ್ಲವೇ? ಇದೆ. ಅದಕ್ಕಾಗಿಯೇ ನಿಯಮ ಬೇಕು. ಈ ಕೆಳಗಿನವನ್ನು ವಾಚನಾಲಯಗಳಲ್ಲಿ ಕುಳಿತು ಚರ್ಚಿಸಬಹುದು.

1. ಆಯ್ಕೆ ಹೋಬಳಿಯ ರೈತರದೇ ಆಗಿರಲಿ. ಕೃಷಿ, ತೋಟಗಾರಿಕೆ, ರೇಷ್ಮೆ, ಪಶುಪಾಲನೆ ಎಂಬ ಭೇದ ಬೇಡ.

2. ಕಲಿಸಿದ ಪಾಠ ಮೂರು ವರ್ಷದ ನಂತರವೂ ಹೊಲದಲ್ಲಿ ಉಳಿದಿರಬೇಕು. ಹಂಚಿದ ಚೀಲಗಳ ಲೆಕ್ಕ ಗಣನೆಗೆ ಬರಬಾರದು.

3. ನಿವೃತ್ತರಾದವರನ್ನೂ ಹುಡುಕಿ ಕರೆಯಬೇಕು. ಬಿತ್ತನೆಯ ಬೀಜ ಕಾಪಾಡುವ ಹೆಂಗಸರು, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಸೋಲಿಗ ಹಿರಿಯರು ಕಲಿಸಿದ್ದನ್ನೂ ಪಾಠವೆಂದೇ ಎಣಿಸಬೇಕು.

4. ಪ್ರತಿಯೊಬ್ಬರ ಪಾಠವನ್ನೂ ಒಂದು ನೋಟು ಪುಸ್ತಕದಲ್ಲಿ ಬರೆದು ವಾಚನಾಲಯದಲ್ಲಿ ಇಡಬೇಕು. ಶಾಲು ಹಳೆಯದಾಗುತ್ತದೆ, ಪುಸ್ತಕವನ್ನು ಮೊಮ್ಮಗನೂ ಓದುತ್ತಾನೆ.

ಬೆಂಗಳೂರಿನ ಕೃಷಿ ಮೇಳದಲ್ಲಿ ವಿಸ್ತರಣಾ ತಜ್ಞ ಡಾ. ಆರ್. ದ್ವಾರಕೀನಾಥ್ ಅವರ ಹೆಸರಿನಲ್ಲಿ ರೈತರಿಗೆ ಪ್ರಶಸ್ತಿ ಕೊಡುವ ಪರಿಪಾಠವಿದೆ. ಕಲಿಸಿದವರ ಹೆಸರನ್ನು ಬೆಳೆದವರ ಕೈಗೆ ಕೊಡುವ ಈ ಕ್ರಮ ಸರಿಯಾದದ್ದು. ಬೆಳೆದವರು ಕಲಿಸಿದವರಿಗೆ ಕೊಡುವ ಗೌರವ ನಮ್ಮ ಮೂರು ತಾಲ್ಲೂಕುಗಳಿಂದ ಆರಂಭವಾಗಲಿ.

ಸನ್ಮಾನದ ಜೊತೆಗೆ ಒಂದು ಬೇಡಿಕೆಯನ್ನೂ ಇಡಬೇಕು. ರೈತ ಸಂಪರ್ಕ ಕೇಂದ್ರಗಳಲ್ಲಿ ಖಾಲಿ ಇರುವ ಹುದ್ದೆಗಳನ್ನು ತುಂಬಲಿ. ರೈತರು ಮೆಚ್ಚಿದವರನ್ನು ಬೆಳೆಯ ನಡುವೆ ವರ್ಗಾಯಿಸದಿರಲಿ. ಗುರುವಿಗೆ ಶಾಲು ಹೊದಿಸಿ ಮರುದಿನ ಬೇರೆ ಊರಿಗೆ ಕಳಿಸಿದರೆ ಗೌರವ ಶಾಲಿನಲ್ಲೇ ಉಳಿಯುತ್ತದೆ. ಮುಂದಿನ ರೈತ ದಿನಾಚರಣೆಗೆ ಇನ್ನೂ ಕಾಲವಿದೆ. ನಿಮ್ಮ ಹೋಬಳಿಯಲ್ಲಿ ಯಾರ ಪಾಠ ಇಂದಿಗೂ ಉಳಿದು ಬೆಳೆಯುತ್ತಿದೆ ಎಂಬುದನ್ನು ಈ ಭಾನುವಾರವೇ ನಾಲ್ಕು ಜನ ಕುಳಿತು ಬರೆದುಕೊಳ್ಳಿ.