ಜವಳು ಹತ್ತಿದ ಜಮೀನಿಗೆ ಮೊದಲ ಮದ್ದು

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ತರುವಾಯ, ಎಡದಂಡೆಯ ಕಾಲುವೆಯ ನೀರು ಹರಿದು ಸಿಂಧನೂರು ಸೀಮೆಯ ಎರೆಭೂಮಿಗಳು ಭತ್ತದ ಗದ್ದೆಗಳಾದುವೆಂಬುದು ಸರ್ವವಿದಿತವು. ಆದರೆ ತಗ್ಗಿನ ಮಡಿಗಳಲ್ಲಿ ಜವಳು ನಿಂತು, ಬೇಸಗೆಯಲ್ಲಿ ಬಿಳಿಯ ಸವಳೆದ್ದು, ಭತ್ತವೂ ಬಾರದಂತಾಗಿರುವ ಜಮೀನುಗಳೂ ಇದೇ ಸೀಮೆಯಲ್ಲಿವೆ. ನಾರಾಯಣಪುರದ ಬಲದಂಡೆಯ ನೀರನ್ನು ಪಡೆಯುವ ಲಿಂಗಸುಗೂರಿನವರೂ, ನೆರೆಯ ಮಸ್ಕಿಯವರೂ ಇದನ್ನು ಕಂಡು ಎಚ್ಚರಗೊಳ್ಳತಕ್ಕದ್ದು.

ಇಂಥ ನೆಲವನ್ನು ಕಂಡೊಡನೆ ಜಿಪ್ಸಂ ತಂದು ಚೆಲ್ಲುವುದು ಹಲವರ ವಾಡಿಕೆ. ನೀರು ಹೊರಹೋಗಲು ದಾರಿಯಿಲ್ಲದ ಹೊಲಕ್ಕೆ ಜಿಪ್ಸಂ ಹಾಕುವುದು ಹಣವನ್ನು ಕೆಸರಿಗೆ ಸುರಿದಂತೆಯೇ ಸರಿ. ಎರೆಮಣ್ಣಿನಲ್ಲಿ ನೀರು ಬೇಗನೆ ಬಸಿದುಹೋಗದು; ಭೂಮಿಯೊಳಗಿನ ನೀರು ಮೇಲೇರಿ ಬಿಸಿಲಿಗೆ ಆರಿದಾಗ ಅದರ ಲವಣವು ಮೇಲ್ಮಣ್ಣಿನಲ್ಲಿಯೇ ಉಳಿಯುವುದು. ಆದಕಾರಣ ಬಸಿಗಾಲುವೆಯೇ ಮೊದಲ ಮದ್ದು.

ಕೆಲಸವನ್ನು ಈ ಕ್ರಮದಿಂದ ನಡೆಸಬೇಕು. ಮೊದಲನೆಯದಾಗಿ, ಊರ ಹಳ್ಳದಲ್ಲಿ ತುಂಬಿದ ಹೂಳು, ಜೊಂಡು, ಬಳ್ಳಾರಿ ಜಾಲಿಗಳನ್ನು ಬೇಸಗೆಯಲ್ಲಿ ತೆಗೆಯಿಸುವುದು. ಕೆಲಸವು ಹಳ್ಳದ ಕೆಳತುದಿಯಿಂದ ಮೇಲಕ್ಕೆ ಸಾಗಬೇಕು. ದಡದ ಹುಲ್ಲು ಮಣ್ಣನ್ನು ಹಿಡಿಯುವುದರಿಂದ ಅದನ್ನು ಕೀಳಲಾಗದು. ಎರಡನೆಯದಾಗಿ, ಪ್ರತಿಯೊಂದು ಹೊಲದಿಂದ ಹಳ್ಳದವರೆಗೆ ಬಸಿಗಾಲುವೆ ತೋಡುವುದು. ಮೂರನೆಯದಾಗಿ, ಮಣ್ಣನ್ನು ಪರೀಕ್ಷೆಗೆ ಕಳುಹುವುದು. ಲವಣವೊಂದೇ ಹೆಚ್ಚಾಗಿದ್ದರೆ, ಬದು ಕಟ್ಟಿ ಸಿಹಿನೀರು ನಿಲ್ಲಿಸಿ ಬಸಿಯಗೊಟ್ಟು ತೊಳೆದರೆ ಸಾಕು. ರಸಸಾರವು 8.5ನ್ನು ಮೀರಿ ನೆಲವು ಕ್ಷಾರವಾಗಿದ್ದರೆ ಜಿಪ್ಸಂ ಬೇಕು. ಅದರ ಪ್ರಮಾಣವನ್ನು ಪರೀಕ್ಷೆಯಿಂದಲೇ ಗೊತ್ತುಪಡಿಸತಕ್ಕದ್ದು. ನಾಲ್ಕನೆಯದಾಗಿ, ಡಯಂಚ ಬಿತ್ತಿ ಸುಮಾರು 45 ದಿನಗಳಲ್ಲಿ ಮಣ್ಣಿಗೆ ಸೇರಿಸಿ ಉಳುವುದು. ಆಮೇಲೆ ಒಂದು ಹಂಗಾಮಿಗಾದರೂ ಭತ್ತವನ್ನು ಬಿಟ್ಟು ಹತ್ತಿಯನ್ನೋ ಜೋಳವನ್ನೋ ಬೆಳೆಯುವುದು ಲೇಸು. ಕಡಲೆ, ಹೆಸರುಗಳು ಸವಳನ್ನು ತಾಳಲಾರವು.

ಎಡದಂಡೆಯ ಕಾಲುವೆಯು ಬಹುಮಟ್ಟಿಗೆ ಮಿತನೀರಾವರಿಯ ಬೆಳೆಗಳಿಗಾಗಿಯೇ ಯೋಜಿತವಾದುದು. ಮೇಲುಗಡೆಯಲ್ಲಿ ಭತ್ತ ಹೆಚ್ಚಿದಷ್ಟೂ ಅಲ್ಲಿ ಜವಳೂ, ಕಾಲುವೆಯ ಕೊನೆಯಲ್ಲಿ ನೀರಿನ ಬರವೂ ಹೆಚ್ಚುವುವು. ಹೀಗೆ ಒಂದೇ ನೀರು ಇಬ್ಬರನ್ನೂ ಕೆಡಿಸುವುದು.

ಹಳ್ಳವು ಒಬ್ಬನ ಸೊತ್ತಲ್ಲ. ಒಬ್ಬನು ಅದನ್ನು ಒತ್ತಿ ಎರಡು ಮಡಿ ಹೆಚ್ಚಿಸಿಕೊಂಡರೆ ಮೇಲಿನ ಹತ್ತು ಹೊಲಗಳು ಜೌಗಾಗುವುವು. ಸಣ್ಣ ಹಿಡುವಳಿದಾರನು ಇದನ್ನು ಬಾಯಿಬಿಟ್ಟು ಹೇಳಲಾರನು. ಆದ್ದರಿಂದ ಗೌಡರೂ ಜಮೀನುದಾರರೂ ತಮ್ಮ ಒತ್ತನ್ನೇ ಮೊದಲು ಬಿಟ್ಟುಕೊಟ್ಟು, ಕೆಳಗಣ ಊರಿನವರನ್ನೂ ಕರೆದು, ಗ್ರಾಮ ಪಂಚಾಯಿತಿಯ ಮತ್ತು ನೀರು ಬಳಕೆದಾರರ ಸಂಘದ ಮುಖಾಂತರ ಮುಂಗಾರಿಗೆ ಮುನ್ನವೇ ಹಳ್ಳವನ್ನು ತೆರೆಯಿಸಬೇಕೆಂದು ಅರಿಕೆ. ದೊಡ್ಡವರು ದಾರಿ ಬಿಟ್ಟರೆ ನೀರು ತಾನಾಗಿಯೇ ದಾರಿ ಹಿಡಿಯುವುದು.